ಇ-ಇ-ಇಲ್ಲಿ ನೋಡಿ

ಸ್ಟುಡಿಯೋ ದೀಪದ ಕೊಡೆಯ ಆ ಕಡ್ಡಿ ಇನ್ನೂ ಬಾಗಿಯೇ ಇದೆ, ಎಡಗಡೆಯದು, ದೀಪ ಹಾಕಿದ ಕೂಡಲೇ ಕಣ್ಣಿಗೆ ಬಿತ್ತು, ಬಿಳಿ ಬಟ್ಟೆ ಅಲ್ಲೊಂದಿಷ್ಟು ಜೋಲುತ್ತಿದೆ, ಕೂತು ಕೂತು ಬಾಗಿಸಿದ್ದು, ಮುಖದ ಮೇಲೆ ಬೆಳಕು ಮೆತ್ತಗೆ ಬೀಳಲಿ ಅಂತ ನಾನು ಇಟ್ಟ ಕೊಡೆ, ಸಾಹೇಬರಿಗೆ ಅದು ಸಿಂಹಾಸನ, ದೀಪದ ಕಾವು ಹೊಟ್ಟೆಗೆ ಹಿತವಾಗಿ ತಾಗುತ್ತಿತ್ತೇನೋ, ಬೆಳಗಾಗಿ ದೀಪ ಹಾಕಿದ್ದೇ ತಡ ಹಾರಿ ಹೋಗಿ ಅದರ ಅಂಚಿನಲ್ಲಿ ಕೂತುಬಿಡುವುದು, ರೆಕ್ಕೆ ಒದರುವುದು, ಬಂದವರನ್ನು ಮೇಲಿಂದ ಕೆಳಗೆ ಅಳೆಯುವುದು — ಅದಕ್ಕೇ ನನ್ನವಳು ಆ ಹೆಸರಿಟ್ಟಳು, ಸಾಹೇಬ್ರು ಎದ್ರಾ, ಸಾಹೇಬ್ರು ಹಣ್ಣು ಮುಟ್ಟಿಲ್ಲ ಯಾಕೋ ಸಿಟ್ಟು, ಮನೆಯಲ್ಲಿ ನನಗೆ ಸಿಗದ ಮರ್ಯಾದೆಯೆಲ್ಲ ಒಂದು ಗಿಣಿಗೆ. ಇವತ್ತು ಬೆಳಿಗ್ಗೆ ಸ್ಟುಡಿಯೋ ಗುಡಿಸಲು ಹೋದವಳು ಪೊರಕೆ ಹಿಡಿದೇ ನಿಂತಿದ್ದಳು, ರೀ, ಇಲ್ಲಿ ಬನ್ನಿ, ಅಷ್ಟೇ ಅಂದದ್ದು, ಆ ದನಿಗೇ ನನಗೆ ಗೊತ್ತಾಯಿತು, ಕೊಡೆಯ ಕೆಳಗೆ, ನೀಲಿ ಪರದೆ ನೆಲದ ಮೇಲೂ ಇಳಿದು ಹಾಸಿಕೊಂಡ ಕಡೆ, ಹಸಿರು, ಮಗ್ಗುಲಾಗಿ, ಕಾಲ್ಬೆರಳು ಏನನ್ನೋ ಹಿಡಿದುಕೊಂಡ ಹಾಗೆ ಮಡಚಿಕೊಂಡು, ನಿನ್ನೆ ಸಂಜೆ ಪೇರಳೆ ಹಣ್ಣು ತಿಂದು ನನ್ನ ಕಾಲರಿಗೇ ಬಾಯಿ ಒರೆಸಿದ ಪ್ರಾಣಿ. ಡಬ್ಬದಲ್ಲಿಟ್ಟು ಆಸ್ಪತ್ರೆಗೆ ಒಯ್ದೆವು, ಪಶುವೈದ್ಯರು ರೆಕ್ಕೆ ಬಿಡಿಸಿ, ಕೊಕ್ಕು ತೆರೆದು, ಎದೆ ಒತ್ತಿ ನೋಡಿದರು, ಗಾಯ ಇಲ್ಲ, ನಿನ್ನೆ ತಿಂದಿತ್ತಾ, ಚೆನ್ನಾಗೇ ತಿಂದಿತ್ತು ಡಾಕ್ಟ್ರೇ, ಮನೇಲಿ ಬಣ್ಣ, ಹೊಗೆ, ಏನಾದ್ರೂ ಔಷಧಿ ಹೊಡೆದಿದ್ರಾ, ಇಲ್ಲ, ವಯಸ್ಸೆಷ್ಟು, ಅದೂ ಗೊತ್ತಿಲ್ಲ, ತಾನಾಗೇ ಬಂದಿದ್ದು — ಎಲ್ಲಕ್ಕೂ ಅವಳೇ ಉತ್ತರ ಕೊಟ್ಟಳು, ನಾನು ಡಬ್ಬ ಹಿಡಿದು ನಿಂತಿದ್ದೆ, ಕೊಯ್ದು ನೋಡಿದ್ರೆ ಕಾರಣ ಸಿಕ್ಕರೂ ಸಿಗಬಹುದು, ಸಿಗದೇನೇ ಇರಬಹುದು, ಏನ್ಮಾಡ್ಲಿ ಹೇಳಿ, ಅಂದರು, ಬೇಡ ಅಂತ ತಲೆಯಾಡಿಸಿದೆ, ಬಂದದ್ದು ಯಾಕೆ ಅಂತ ಕೇಳಿರಲಿಲ್ಲ, ಹೋದದ್ದು ಯಾಕೆ ಅಂತ ಯಾವ ಬಾಯಲ್ಲಿ ಕೇಳಲಿ, ಆದರೂ ಒಳಗೆ ಕೇಳುತ್ತಲೇ ಇದೆ, ಕಿಟಕಿ ತೆರೆದಿಟ್ಟೆವಾ, ಚಳಿಯಾಯಿತಾ, ಪೇರಳೆಯಲ್ಲಿ ಏನಾದರೂ ಇತ್ತಾ, ಅದೇ ಹಣ್ಣಿನ ಉಳಿದರ್ಧ ನಾನೂ ತಿಂದೆನಲ್ಲ, ನನಗೇನೂ ಆಗಲಿಲ್ಲ. ಫೋಟೋ ಕಾಗದ ಬರುವ ರಟ್ಟಿನ ಡಬ್ಬದಲ್ಲಿ, ಹಳೆಯ ಕ್ಯಾಮರಾದ ಕರಿ ಬಟ್ಟೆ ಸುತ್ತಿ, ಹಿತ್ತಲ ನಲ್ಲಿಯ ಪಕ್ಕ ಹುಗಿದು ಬಂದೆವು, ಕೈ ತೊಳೆಯುವಾಗ ಅವಳು ಕೇಳಿದಳು, ಒಂದಾದ್ರೂ ಫೋಟೋ ಇದೆಯೇನ್ರೀ ಅದರದ್ದು. ಇಲ್ಲ. ಬೀದಿಯ ಮುಖಗಳನ್ನೆಲ್ಲ ತೆಗೆದವನ ಹತ್ತಿರ ತನ್ನ ಗಿಣಿಯದೊಂದಿಲ್ಲ, ಅದು ಯಾವತ್ತೂ ಫೋಟೋಕ್ಕೆ ಕೂರುವ ಕುರ್ಚಿಯ ಕಡೆ ಹೋದದ್ದೇ ಇಲ್ಲ, ಯಾವಾಗಲೂ ಕ್ಯಾಮರಾದ ಈ ಕಡೆ, ನನ್ನ ಪಕ್ಷ. ಕೈ ಒರೆಸಿಕೊಳ್ಳುತ್ತ ಅವಳೇ ಮತ್ತೆ, ಆ ಮಗು ಫೋಟೋದವರು ಬರ್ತಾರಲ್ಲ, ಇವತ್ತು ಬೇಡ ಅಂತ ಫೋನ್ ಮಾಡ್ಲಾ, ಅಂದಳು, ಮಾಡು ಅನ್ನಬೇಕಿತ್ತು, ಬರಲಿ ಅಂದುಬಿಟ್ಟೆ, ಈಗ ಬಾಗಿಲ ಕಡೆ ನೋಡುತ್ತ ಯಾಕಾದರೂ ಅಂದೆನೋ ಅಂದುಕೊಳ್ಳುತ್ತಿದ್ದೇನೆ.

ಯಾಕೆಂದರೆ ಮಗುವನ್ನು ಕರೆಯಬೇಕು, ಮಗು ಮಸೂರದ ಕಡೆ ನೋಡಬೇಕು, ಅದಕ್ಕೆ ಒಂದು ಮಾತು ಬೇಕು, ಆ ಮಾತು ಈಗ ಉಳಿದಿರುವುದು ನನ್ನ ಬಾಯಲ್ಲಿ ಮಾತ್ರ, ನನ್ನದೋ ಹುಟ್ಟಿದಾಗಿನಿಂದ ತೊದಲುವ ಬಾಯಿ. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಇಡೀ ತರಗತಿ ಉಸಿರು ಬಿಗಿಹಿಡಿದು ಕೂರುತ್ತಿತ್ತು, ಹಾ-ಹಾ-ಹಾ, ಮುಗಿಯುವಷ್ಟರಲ್ಲಿ ಮೇಷ್ಟ್ರು ಮುಂದಿನವನನ್ನು ಕೂಗಿಯಾಗಿರುತ್ತಿತ್ತು, ಬಾಯಿ ಬೇಡದ ಕೆಲಸ ಹುಡುಕಿಕೋ ಮಗನೇ ಅಂದರು ಅಪ್ಪ, ಬೈದದ್ದಲ್ಲ, ಪ್ರೀತಿಯಿಂದಲೇ, ಹಾಗೆ ಫೋಟೋ ಗುರುಗಳ ಹತ್ತಿರ ಸೇರಿದೆ, ಕತ್ತಲೆ ಕೋಣೆ, ಕೆಂಪು ದೀಪ, ಮಾತೇ ಇಲ್ಲ, ಸ್ವರ್ಗ, ಆದರೆ ಸ್ವಂತ ಸ್ಟುಡಿಯೋ ಹಾಕಿದ ದಿನ ಗೊತ್ತಾಯಿತು, ಈ ಕೆಲಸಕ್ಕೂ ಎರಡು ಮಾತು ಬೇಕು, ಇಲ್ಲಿ ನೋಡಿ, ಅದೇ ಎರಡು, ನನ್ನ ಹಣೆಬರಹಕ್ಕೆ ಅದು ಶುರುವಾಗುವುದೇ ನಾನು ದಾಟಲಾಗದ ಗೋಡೆಯಿಂದ, ಇ. ಮಾತಿನ ಬದಲು ಚಿಟಿಕೆ ಹೊಡೆಯುತ್ತಿದ್ದೆ, ಏನ್ರೀ ನಾಯಿ ಕರೆದ ಹಾಗೆ ಕರೀತೀರಾ ಅಂತ ಒಬ್ಬ ದೊಡ್ಡ ಮನುಷ್ಯ ಎದ್ದೇ ಹೋದ, ಅವತ್ತಿನಿಂದ ಬೆಳಿಗ್ಗೆ ಬೇಗ ಬಂದು, ಖಾಲಿ ಕುರ್ಚಿಯ ಮುಂದೆ ನಿಂತು, ಇ-ಇ-ಇಲ್ಲಿ ನೋಡಿ, ಇ-ಇ-ಇಲ್ಲಿ ನೋಡಿ, ಕುರ್ಚಿ ಪಾಪ ಒಂದು ದಿನವೂ ನಗಲಿಲ್ಲ. ಆಗ ಬಂದದ್ದು ಅವನು, ಆ ಗಿಣಿ, ಗಾಳಿಕಿಂಡಿಯಿಂದ, ಯಾರ ಮನೆಯಿಂದ ತಪ್ಪಿಸಿಕೊಂಡದ್ದೋ, ಒಂದು ರೆಕ್ಕೆ ಸ್ವಲ್ಪ ಕತ್ತರಿಸಿದ್ದರು, ಬಂದು ಕೊಡೆಯ ಮೇಲೆ ಕೂತ, ಕೆಳಗಿಳಿಯಲಿಲ್ಲ, ಯಾರೂ ಹುಡುಕಿಕೊಂಡು ಬರಲಿಲ್ಲ, ಪಂಜರ ತರೋಣವಾ ಅಂದೆ, ಇರೋರಾದ್ರೆ ಇರ್ತಾರೆ ಬಿಡಿ ಅಂದಳು ನನ್ನವಳು, ಇದ್ದ. ದಿನಾ ಬೆಳಿಗ್ಗೆ ನಾನು ಕುರ್ಚಿಗೆ ಪಾಠ ಒಪ್ಪಿಸುವುದು, ಅವನು ಕತ್ತು ಓರೆ ಮಾಡಿ ಕೇಳುವುದು, ನನಗೇನು ಗೊತ್ತು ಅವನೂ ಅಭ್ಯಾಸಕ್ಕೆ ಕೂತಿದ್ದಾನೆ ಅಂತ.

ಒಂದು ದಿನ ಫೋಟೋಕ್ಕೆ ಬಂದರು, ಬ್ಯಾಂಕ್ ಮ್ಯಾನೇಜರು, ಅವರ ಹೆಂಡತಿ, ಅತ್ತೆ, ಎಲ್ಲರೂ ಗಂಟು ಮುಖ, ಬರುವ ದಾರಿಯಲ್ಲೇ ಜಗಳವಾಡಿಕೊಂಡು ಬಂದವರು, ನಾನು ಕ್ಯಾಮರಾ ಹಿಂದೆ ಬಗ್ಗಿ ಬಾಯಿ ತೆರೆದಿದ್ದೆ, ಗೋಡೆ ಎದುರಿಗಿತ್ತು, ಮೇಲಿಂದ ದನಿ ಬಂತು, ಇ-ಇ-ಇಲ್ಲಿ ನೋಡಿ, ನನ್ನದೇ ದನಿ, ನನ್ನದೇ ತೊದಲು, ಒಂದು ಇ ಹೆಚ್ಚಿಲ್ಲ, ಒಂದು ಇ ಕಡಿಮೆಯಿಲ್ಲ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ನನ್ನ ಮಾನ ನನ್ನ ತಲೆಯ ಮೇಲೇ ಕೂತು ಕೂಗುತ್ತಿದೆ, ಮುಗಿಯಿತು ನನ್ನ ಕಥೆ — ಅತ್ತೆ ಮೊದಲು ನಕ್ಕರು, ಆಮೇಲೆ ಹೆಂಡತಿ, ಆಮೇಲೆ ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು, ಅಯ್ಯೋ ಗಿಣಿ ತೊದಲತ್ತೆ ನೋಡೇ, ನಕ್ಕದ್ದು ನನ್ನನ್ನಲ್ಲ, ಗಿಣಿಯನ್ನು, ಗಿಣಿಗೆ ಬೇಜಾರೇ ಇಲ್ಲ, ಎದೆ ಉಬ್ಬಿಸಿ ಇನ್ನೊಂದು ಸಲ ಹೇಳಿತು, ನನ್ನ ಬೆರಳು ತಾನಾಗಿ ಒತ್ತಿತು, ಆ ಫೋಟೋ ಇವತ್ತಿಗೂ ಅವರ ನಡುಮನೆಯಲ್ಲಿದೆಯಂತೆ. ಆಮೇಲೆ ನಡೆದದ್ದು ನನಗೇ ನಗು ಬರುವಂಥದ್ದು, ಹೆದರಿ ಹೆದರಿ ನಾನೂ ಬಾಯಿ ಬಿಟ್ಟೆ, ಇ-ಇ-ಇಲ್ಲಿ, ಜನ ಇನ್ನೂ ಜೋರಾಗಿ ನಕ್ಕರು, ಏನ್ ಸಾರ್ ಗಿಣೀನ ಎಷ್ಟು ಚೆನ್ನಾಗಿ ಅಣಕಿಸ್ತೀರಾ! ಅಣಕಿಸುತ್ತಿದ್ದೇನಂತೆ, ಹುಟ್ಟಿದಾಗಿನಿಂದ ನನ್ನ ಕುತ್ತಿಗೆಗೆ ಕಟ್ಟಿಕೊಂಡದ್ದನ್ನು ಬೀದಿಯವರೆಲ್ಲ ಸೇರಿ ಗಿಣಿಯ ಲೆಕ್ಕಕ್ಕೆ ಬರೆದುಬಿಟ್ಟರು, ಅವನೂ ಬೇಡ ಅನ್ನದೆ ಹೊತ್ತುಕೊಂಡ, ಅವತ್ತಿನಿಂದ ನಾನು ಮಾತಾಡಿದೆ, ಹಾಲಿನವನ ಹತ್ತಿರ, ಷಡ್ಡಕನ ಹತ್ತಿರ, ಫೋನಿನಲ್ಲಿ, ಒಂದು ಮದುವೆಮನೆಯಲ್ಲಿ ಮೈಕಿನಲ್ಲೂ, ನನ್ನವಳಿಗೆ ಮಾತ್ರ ನಿಜ ಗೊತ್ತಿತ್ತು, ಒಂದು ರಾತ್ರಿ ಊಟಕ್ಕೆ ಕೂತಾಗ ಅಂದಳು, ಇಷ್ಟೊಂದು ಮಾತಿದ್ಯಾ ನಿಮ್ಮ ಹೊಟ್ಟೇಲಿ, ಮೂಗ ಗಂಡನೇ ಒಳ್ಳೆಯವನು ಅಂತ ನಾನು ಮದುವೆಗೆ ಒಪ್ಪಿಕೊಂಡಿದ್ದು. ಸಾಹೇಬರು ತೊಂದರೆಯೂ ಕೊಟ್ಟರು ಬಿಡಿ, ಗುರುತಿನ ಚೀಟಿಯ ಫೋಟೋದಲ್ಲಿ ನಗಬಾರದು, ನೇರ ನೋಡಬೇಕು, ನಮ್ಮ ಬೀದಿಯವರೆಲ್ಲ ನಗು ಅದುಮಿಕೊಂಡು ತುಟಿ ಕಚ್ಚಿ, ಕಣ್ಣು ಒಂದು ಚೂರು ಮೇಲಕ್ಕೆ, ಎಡಕ್ಕೆ, ಕಚೇರಿಯ ಗುಮಾಸ್ತೆ ಕನ್ನಡಕ ಸರಿಸಿ, ಓ, ಆ ಗಿಣಿ ಸ್ಟುಡಿಯೋದವರಾ, ಹೋಗಿ ಇನ್ನೊಂದ್ಸಲ ತೆಗೆಸ್ಕೊಂಡು ಬನ್ನಿ ಅನ್ನುತ್ತಿದ್ದಳಂತೆ, ಕೊನೆಗೆ ಅವಳೇ ಬಂದಳು, ಅವಳದೂ ಹಾಗೇ ಬಂತು. ಇನ್ನೊಂದು ಕಾಟ, ಕಣ್ಣು, ಕೊಡೆಯ ಬೆಳಕು ಕಣ್ಣಗುಡ್ಡೆಯಲ್ಲಿ ದುಂಡಗೆ ಬಿಳಿ ಚುಕ್ಕೆಯಾಗಿ ಬೀಳಬೇಕು, ಅದಿದ್ದರೆ ಮುಖಕ್ಕೆ ಜೀವ, ಸಾಹೇಬರು ಕೊಡೆಯ ಅಂಚಿನಲ್ಲಿ ಕೂತರೆ ಅವರ ನೆರಳು ಬಿದ್ದು ಚುಕ್ಕೆಯ ಅಂಚಿನಲ್ಲೊಂದು ಕಚ್ಚು, ಯಾರೋ ಬಾಯಿ ಹಾಕಿದ ರೊಟ್ಟಿಯ ಹಾಗೆ, ಪ್ರತಿ ಮುಖಕ್ಕೂ ಕಂಪ್ಯೂಟರಿನಲ್ಲಿ ಕಣ್ಣು ದೊಡ್ಡದು ಮಾಡಿ ಆ ಕಚ್ಚಿಗೆ ಬಿಳಿ ತುಂಬುವುದೇ ನನಗೆ ಕೆಲಸ, ತಿದ್ದಿದ್ದನ್ನು ಗಿರಾಕಿಗೆ ಕೊಡು, ಮೊದಲಿನದನ್ನು ಅಳಿಸದೆ ಇಟ್ಟುಕೋ, ಗುರುಗಳು ಕಲಿಸಿದ ಪಾಠ, ದಿನಾ ಗೊಣಗುತ್ತ ತುಂಬಿದೆ, ನಿನ್ನೆಯೂ ತುಂಬಿದೆ.

ಬಾಗಿಲ ಗಂಟೆ, ಬಂದರು. ತಾಯಿ, ಹೆಗಲಮೇಲೆ ಮಗು, ಇವಳ ಕಾಲೇಜಿನ ಫೋಟೋ ನಾನೇ ತೆಗೆದದ್ದು, ಎರಡು ಜಡೆಯ ಹುಡುಗಿ ಈಗ ತಾಯಿ, ಬಂದವಳೇ ತಲೆಯೆತ್ತಿ ಕೊಡೆ ನೋಡಿದಳು, ಎಲ್ಲಿ ಅಂಕಲ್ ನಿಮ್ಮ ಸಾಹೇಬ್ರು, ಈ ಪುಟ್ಟಿ ಯಾರ ಮಾತೂ ಕೇಳಲ್ಲ, ಗಿಣಿ ಇರೋ ಕಡೆಗೇ ಕರ್ಕೊಂಡು ಹೋಗು ಅಂದ್ರು ಅಮ್ಮ. ಹೇಳಬೇಕು. ಸಾ-ಸಾ-ಸಾ, ಗೋಡೆ ಮತ್ತೆ ಎದ್ದಿದೆ, ಇಷ್ಟು ವರ್ಷ ಎಲ್ಲಿತ್ತು ಇದು, ಸಾ-ಸಾ-ಸಾಹೇಬ್ರು, ಅವಳು ಕಿಲಕಿಲ ನಕ್ಕಳು, ಅಯ್ಯೋ ಅಂಕಲ್, ಇನ್ನೂ ಗಿಣಿ ಥರಾನೇ ಮಾತಾಡ್ತೀರಲ್ಲ! ನಗು ಚುಚ್ಚಬೇಕಿತ್ತು, ಚುಚ್ಚಲಿಲ್ಲ, ಒಳಗೇನೋ ಸಡಿಲವಾಯಿತು, ಹೌದಮ್ಮ, ಗಿಣಿ ಥರಾನೇ, ಅಂದುಕೊಂಡೆ, ಅವನು ಹಿತ್ತಲಲ್ಲಿ ಮಲಗಿದ್ದಾನೆ, ಆದರೂ ಇಲ್ಲಿ ನನ್ನ ಬದಲು ನಿಂತಿದ್ದಾನೆ, ಇನ್ನೊಂದು ಸಲ ನನ್ನ ಭಾರ ಅವನೇ ಎತ್ತಿಕೊಂಡ, ಸಾಹೇಬ್ರು ಹೋ-ಹೋಗಿಬಿಟ್ರು ಕಣಮ್ಮ, ಇವತ್ತು ಬೆಳಿಗ್ಗೆ, ಅಂದೆ, ಬಂತು ಮಾತು, ಅವಳ ನಗು ನಿಂತಿತು, ಕೈ ಬಾಯಿಗೆ ಹೋಯಿತು, ಏನಾಗಿತ್ತು ಅಂಕಲ್, ಏನೂ ಆಗಿರಲಿಲ್ಲ, ಅದೇ, ಏನೂ ಆಗಿರಲಿಲ್ಲ. ನಾಳೆ ಬರ್ಲಾ, ಬೇಡ, ಕೂರಿಸು. ಮಗು ಕುರ್ಚಿಯಲ್ಲಿ, ಹಿಂದೆ ತಾಯಿ ನೀಲಿ ಪರದೆ ಹೊದ್ದು, ತಾನು ಕಾಣದ ಹಾಗೆ ಮಗುವನ್ನು ಹಿಡಿದುಕೊಂಡಿದ್ದಾಳೆ, ಮಗು ಎಲ್ಲಾ ಕಡೆ ನೋಡುತ್ತಿದೆ, ಕಾಲು, ಕೈ, ದೀಪದ ವೈರು, ಈ ಕಡೆ ಮಾತ್ರ ಇಲ್ಲ, ತುಟಿ ನಡುಗುತ್ತಿದೆ, ಇನ್ನೇನು ಅಳುತ್ತೆ, ಚಿಟಿಕೆ ಹೊಡೆಯಲು ಬೆರಳು ಎದ್ದಿತು, ಬೇಡ, ಇಳಿಸಿದೆ, ಮೇಲೆ ನೋಡಿದೆ, ಬಾಗಿದ ಕಡ್ಡಿ, ಖಾಲಿ, ಸರಿ ಸಾಹೇಬ್ರೇ, ನೀವು ಕಲಿತದ್ದು ನನ್ನಿಂದ, ನಾನು ಕಲಿತದ್ದು ನಿಮ್ಮಿಂದ, ಎದೆ ಉಬ್ಬಿಸಿದೆ, ನಿಜವಾಗಿಯೂ ಅವನ ಹಾಗೇ ಉಬ್ಬಿಸಿದೆ, ಇ-ಇ-ಇ-ಇಲ್ಲಿ ನೋಡಿ! ಮಗು ತಿರುಗಿತು. ನೇರ ನನ್ನ ಮುಖಕ್ಕೆ, ಹುಬ್ಬು ಎತ್ತಿ, ಇ, ಅಂದಿತು ತಾನೂ, ಇ, ಇ, ಹಲ್ಲಿಲ್ಲದ ಬಾಯಿ ಅಗಲ, ಗುಂಡಿ ಒತ್ತಿದೆ, ಪರದೆಯ ಹಿಂದಿನಿಂದ ಮೂಗು ಎಳೆಯುವ ಸದ್ದು, ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ, ನಾನು ಎರಡನ್ನೂ ಮಾಡುತ್ತಿದ್ದೆ.

ಸಂಜೆಗೆ ಬನ್ನಿ ರೆಡಿ ಇರುತ್ತೆ ಅಂತ ಕಳಿಸಿ ಕಂಪ್ಯೂಟರ್ ಮುಂದೆ ಕೂತಿದ್ದೇನೆ, ಕೈ ತನ್ನ ಪಾಡಿಗೆ ಮಗುವಿನ ಕಣ್ಣು ದೊಡ್ಡದು ಮಾಡಿತು, ಇನ್ನೂ ದೊಡ್ಡದು, ಬಿಳಿ ತುಂಬುವ ಕುಂಚ ತೆಗೆದುಕೊಂಡಿತು, ತುಂಬಲು ಜಾಗವಿಲ್ಲ, ಚುಕ್ಕೆ ದುಂಡಗಿದೆ, ಪೂರ್ತಿ, ಎಲ್ಲೂ ಕಚ್ಚಿಲ್ಲ, ವರ್ಷಗಟ್ಟಲೆ ಹೀಗೇ ಬರಲಿ ಅಂತ ಗೊಣಗಿದವನಿಗೆ ಇವತ್ತು ಬಂದಿದೆ, ನೋಡಲಾಗುತ್ತಿಲ್ಲ. ಕುಂಚ ಬಿಟ್ಟೆ. ಹಳೆಯ ಫೋಟೋಗಳನ್ನು ತೆರೆಯುತ್ತೇನೆ, ಅಳಿಸದೆ ಇಟ್ಟದ್ದು, ಬಿಳಿ ತುಂಬುವ ಮೊದಲಿನದು, ಎರಡು ಜಡೆಯ ಹುಡುಗಿ, ಕಣ್ಣು, ಚುಕ್ಕೆ, ಅಂಚಿನಲ್ಲಿ ಕಚ್ಚು, ಅಯ್ಯೋ ದೇವರೇ, ಇದ್ದಾನಲ್ಲ, ಗುಮಾಸ್ತೆಯ ಕಣ್ಣಲ್ಲಿ ಇದ್ದಾನೆ, ಮ್ಯಾನೇಜರ ಅತ್ತೆಯ ಎರಡೂ ಕಣ್ಣಲ್ಲಿ, ಹಾಲಿನವನ ಕಣ್ಣಲ್ಲಿ ರೆಕ್ಕೆ ಬಿಚ್ಚಿ, ಒಂದೂ ಫೋಟೋ ಇಲ್ಲ ಅಂದೆನಲ್ಲ, ಬೀದಿಯವರೆಲ್ಲ ಕಣ್ಣಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ, ನಾನೊಬ್ಬ ಕೂತು ಬಿಳಿ ಬಳಿಯುತ್ತಿದ್ದೆ, ಲೇ, ಇಲ್ಲಿ ಬಾರೇ, ಕೂಗಿದೆ, ಕೂಗು ಎಲ್ಲೂ ತಡವರಿಸಲಿಲ್ಲ, ಅವಳು ಒದ್ದೆ ಕೈಯಲ್ಲೇ ಬಂದು ಹಿಂದೆ ನಿಂತಳು, ಯಾರ ಕಣ್ಣು ಇದು, ನಿಂದೇ, ನಿನ್ನ ಗುರುತಿನ ಚೀಟಿಗೆ ತೆಗೆದದ್ದು, ನಗು ತಡೆಯೋಕಾಗದೆ ನೀನು ನನ್ನ ಬೈದೆಯಲ್ಲ, ಅವತ್ತಿಂದು, ಹೌದಲ್ಲಾ, ಅವಳ ಕೈ ನನ್ನ ಹೆಗಲ ಮೇಲೆ ಬಂತು, ತಣ್ಣಗಿದೆ, ಇನ್ನೂ ಸ್ವಲ್ಪ ದೊಡ್ಡದು ಮಾಡ್ರೀ, ಚಿತ್ರ ಚೌಕ ಚೌಕವಾಗಿ ಒಡೆದುಹೋಗುವ ಮೊದಲು ಎಷ್ಟಾಗುತ್ತೋ ಅಷ್ಟು, ಕರಿಯ ಗುಡ್ಡೆ, ಗುಡ್ಡೆಯಲ್ಲಿ ಬಿಳಿ, ಬಿಳಿಯ ಅಂಚಿನಲ್ಲಿ ಕಚ್ಚು, ಕಚ್ಚಿಗೊಂದು ಕತ್ತು, ಕತ್ತು ಓರೆ, ಕೊಕ್ಕು — ಕೊಕ್ಕು ತೆರೆದಿದೆ.