ಸೊಂಟಕ್ಕೆ ಗೊತ್ತಾದ ತೂಕ

ಸೆಕೆಗಾಲ ಕಳೆಯುತ್ತ ಬಂದಿತ್ತು. ಮೋಡ ದಿನಾ ಕಟ್ಟುತ್ತಿತ್ತು, ಮಳೆ ಮಾತ್ರ ಇಳಿಯುತ್ತಿರಲಿಲ್ಲ. ಮಕ್ಕಳ ವಾರ್ಡಿನ ನೆಲ ಒರೆಸಿ ಇನ್ನೂ ಒಣಗಿರಲಿಲ್ಲ. ಎರಡನೇ ವರ್ಷದ ತರಬೇತಿ ವೈದ್ಯ ಜಾರದಂತೆ ಕಾಲೂರುತ್ತ, ಎಂಟು ಹಾಸಿಗೆಗಳ ರೋಗಿಗಳ ವಿವರದ ಹಾಳೆಗಳನ್ನು ಜೋಡಿಸುತ್ತಿದ್ದ. ರೌಂಡ್ಸಿಗೆ ಹತ್ತು ನಿಮಿಷವಿತ್ತು.

ಮೊದಲೆಲ್ಲ ರೌಂಡ್ಸಿನ ಹೊತ್ತಿಗೆ ಮನೆಯವರನ್ನು ಹೊರಗೆ ಕಳಿಸುತ್ತಿದ್ದರು. ಈ ತಿಂಗಳಿಂದ ದೊಡ್ಡ ಡಾಕ್ಟರಮ್ಮ ಅವರನ್ನೂ ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡು, ಹಾಳೆಯಲ್ಲಿದ್ದದ್ದನ್ನೆಲ್ಲ ತರಬೇತಿಯವರಿಂದ ಅವರೆದುರೇ ಓದಿಸತೊಡಗಿದ್ದರು. ಮುಂದೆಯೂ ಇದು ಬೇಕೋ ಬೇಡವೋ ಎಂದು ಇವತ್ತು ತರಬೇತಿಯವರು ಹೇಳಬೇಕಿತ್ತು.

"ನಾನಂತೂ ಬೇಡ ಅಂತೀನಿ," ಎಂದ ಜೊತೆಯವನು. ಮಾತಿಗೊಮ್ಮೆ ಮಣಿಕಟ್ಟು ನೋಡುವ ಅವನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. "ಒಂದು ಹಾಸಿಗೆಗೆ ಹದಿನೈದು ನಿಮಿಷ! ದಿನಾ ಪರೀಕ್ಷೆ, ಅದೂ ಬೀಗರ ಮುಂದೆ ಕೂತು ಬರೆದ ಹಾಗೆ."

ಇವನೂ ನಕ್ಕ. ಇವನ ಮನಸ್ಸಿನಲ್ಲಿದ್ದದ್ದೂ ಅದೇ.

ಕೊನೆಯ ಹಾಸಿಗೆಯಲ್ಲಿ ನಾಲ್ಕು ವರ್ಷದ ಹುಡುಗಿ. ಕಿಡ್ನಿಯ ತೊಂದರೆಯಿಂದ ಮೈಯೆಲ್ಲ ನೀರು ತುಂಬಿ ಬಾತುಕೊಂಡಿತ್ತು; ಹತ್ತು ದಿನದ ಔಷಧಿಗೆ ಇಳಿದಿತ್ತು. ದಿನಾ ಬೆಳಿಗ್ಗೆ ತೂಗಬೇಕು. ಇವತ್ತು ತೂಕ ಏರದಿದ್ದರೆ ಮನೆಗೆ. ತೂಕದ ಯಂತ್ರವನ್ನು ಪಕ್ಕದ ವಾರ್ಡಿನವರು ಒಯ್ದಿದ್ದರು. ಅವನು ಎರಡು ಸಲ ಹೋಗಿ ಕೇಳಿದ, ಸಿಗಲಿಲ್ಲ. ಒಂದು ದಿನದಲ್ಲಿ ಏನು ಮಹಾ ಏರೀತು ಎಂದು ನಿನ್ನೆಯ ಅಂಕಿಯನ್ನೇ ಇವತ್ತಿನ ಸಾಲಿಗೆ ಇಳಿಸಿದ.

ರೌಂಡ್ಸಿನಲ್ಲಿ ಅದನ್ನೇ ಓದಿದ. "ತೂಕ ಹದಿನಾಲ್ಕು ಕಿಲೋ ಇನ್ನೂರು. ನಿನ್ನೆಯಷ್ಟೇ."

"ನಿನ್ನೆಯಷ್ಟೇ ಹೇಗಾದೀತು?" ಅಂದರು ಹುಡುಗಿಯ ಅಜ್ಜಿ. ಊರಿಗೆ ಹೊರಡಲು ಗಂಟು ಕಟ್ಟಿಟ್ಟುಕೊಂಡು ಕೂತಿದ್ದವರೂ ಅವರೇ. ಪಕ್ಕದ ಮನೆಯವಳಿಗೆ ಒಪ್ಪಿಸಿ ಬಂದ ಆಡುಗಳ ಚಿಂತೆ ಬೇರೆ. "ಬೆಳಿಗ್ಗೆ ಎತ್ಕೊಂಡಾಗ ಸೊಂಟ ವಾಲಿತು ನಂದು. ಆಡಿನ ಮರಿ ಎತ್ತಿ ಎತ್ತಿ ಪಳಗಿದ ಸೊಂಟ ಇದು."

ಡಾಕ್ಟರಮ್ಮ ಅಲ್ಲೇ ನಿಂತು ಯಂತ್ರ ತರಿಸಿದರು. ಹದಿನಾಲ್ಕು ಒಂಬೈನೂರು.

"ಬೆಳಿಗ್ಗೆ ನೀವೇ ತೂಗಿದ್ರಾ?"

ಅವನ ಕೈಯಲ್ಲಿದ್ದ ಹಾಳೆಗಳು ಪಟಪಟ ಎಂದವು. ಅಜ್ಜಿ ಆ ಕೈಯನ್ನೇ ನೋಡಿದರು.

"ತೂಗಿದ್ರಮ್ಮಾ. ಆಮೇಲೆ ಮಗು ಹೊಟ್ಟೆ ಬಿರಿಯೋ ಹಾಗೆ ನೀರು ಕುಡೀತು. ನಾನೇ ಸುಮ್ನೆ ಬಾಯಿ ಹಾಕಿದೆ."

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಹಾಗಿದ್ರೆ ಔಷಧಿ ಈಗಲೇ ಬದಲಾಯಿಸೋದು ಬೇಡ. ಸಂಜೆ ಮತ್ತೆ ತೂಗೋಣ."

ಹೊರಗೆ ಬಂದದ್ದೇ ಗಡಿಯಾರ ಶುರು ಮಾಡಿದ. "ನೋಡಿದ್ರಲ್ಲ ಮೇಡಂ, ಒಂದೇ ಬಾಯಲ್ಲಿ ಎರಡು ಮಾತು! ಮನೆಯವರು ಹೊರಗಿದ್ರೇ ವಾಸಿ."

"ನೀವೇನಂತೀರಿ?" ಡಾಕ್ಟರಮ್ಮ ಇವನ ಕಡೆ ತಿರುಗಿದರು.

ಹೌದು ಎಂದುಬಿಟ್ಟರೆ ಸಾಕಿತ್ತು, ಎಲ್ಲ ಮುಚ್ಚಿಹೋಗುತ್ತಿತ್ತು. ಆದರೆ ಒಳಗೆ ಆ ಹುಡುಗಿಯ ಮೈಯಲ್ಲಿ ನೀರು ಸಂಜೆಯವರೆಗೂ ಏರುತ್ತಲೇ ಇರುತ್ತಿತ್ತು. ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ಎರಡನೇ ಮಾತು ನನ್ನನ್ನ ಉಳಿಸೋಕೆ ಆಡಿದ್ದು ಮೇಡಂ. ನಾನು ತೂಗಿರಲೇ ಇಲ್ಲ. ಅವರ ಮೊದಲನೇ ಮಾತೇ ನಿಜ, ಮನೆಯವರು ಪಕ್ಕದಲ್ಲೇ ಇರ್ಲಿ."

ಡಾಕ್ಟರಮ್ಮ ಕೂಗಾಡಲಿಲ್ಲ. ನರ್ಸನ್ನು ಕರೆದು ಔಷಧಿ ಬದಲಾಯಿಸಿದರು. ಆಮೇಲೆ, "ಇಲ್ಲಿ ಹೇಳಿದ್ರೆ ಸಾಲದು. ಯಾರ ಮುಂದೆ ಸುಳ್ಳು ಓದಿದ್ರೋ ಅವರ ಮುಂದೇನೇ ಹೇಳಿ, ಹೋಗಿ," ಎಂದರು.

ಅಜ್ಜಿ ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಹೊರಗಿಡುತ್ತಿದ್ದರು. ಅವನು ಹೇಳಿದ್ದನ್ನು ತಲೆಯೆತ್ತದೆ ಕೇಳಿದರು.

"ಗೊತ್ತಿತ್ತು. ಯಂತ್ರಾನೇ ಬರ್ಲಿಲ್ಲ, ನಾನೇನು ಕುರುಡಿಯಾ?"

"ಮತ್ಯಾಕೆ ಅಜ್ಜಿ..."

"ನಿನ್ನ ಕೈ ನಡುಗ್ತಿತ್ತು. ನಾಳೆ ನಮ್ಮ ಮಗೂಗೆ ಸೂಜಿ ಚುಚ್ಚೋ ಕೈ ಅಲ್ವಾ ಅದು? ಇನ್ನೂ ಹೆದರಿಸಿದ್ರೆ ಗತಿಯೇನು ಅಂತ. ಔಷಧಿಗೇ ಅಡ್ಡ ಬರುತ್ತೆ ಅಂತ ತಿಳೀಲಿಲ್ಲ, ಹಾಳು ಬುದ್ಧಿ."

"ತಪ್ಪಾಯ್ತು."

"ಆಯ್ತು ಮಗಾ, ನನಗೆ ಕೊಡೋ ಬಾಕಿ ತೀರಿಸ್ದೆ. ಹನ್ನೆರಡರ ಬಸ್ಸಿಗೆ ಇವಳಮ್ಮ ಬರ್ತಾಳೆ, ಮಗಳನ್ನ ಕರ್ಕೊಂಡು ಹೋಗೋಕೆ. ಅವಳಿಗೂ ನೀನೇ ಹೇಳ್ಬೇಕು. ನನ್ನ ಸೊಸೆ ನನ್ನಷ್ಟು ಮೆತ್ತಗಿಲ್ಲ, ಈಗಲೇ ಹೇಳಿರ್ತೀನಿ."

ಆಗಲೇ ಹನ್ನೊಂದೂವರೆ. ಅವನು ರಕ್ತ ತೆಗೆಯಲು ಎರಡನೇ ಹಾಸಿಗೆಗೆ ಹೋದ, ಅಲ್ಲಿಂದ ಐದನೆಯದಕ್ಕೆ ಹೋದ. ವಾರ್ಡಿನ ಬಾಗಿಲು ಕಿರುಗುಟ್ಟಿದಾಗಲೆಲ್ಲ ಕತ್ತು ತಿರುಗಿಸುತ್ತಿದ್ದ.