ಬೆಳ್ಳಿ ದೋಣಿ ಮನೆಗೆ ಬಂದ ದಿನ

ನಸುಕಿನಲ್ಲಿ ಭಾರ್ಗವಿಯಮ್ಮ ಎದೆ ಹಿಡಿದುಕೊಂಡು ಎದ್ದು ಕೂತಾಗ ತಂಗಮಣಿಗೆ ಮೊದಲು ಬಂದದ್ದು ಸಿಟ್ಟು. ಈ ಅತ್ತೆಗೆ ಬೇರೆ ದಿನವೇ ಸಿಗಲಿಲ್ಲವೇ? ಅಂದು ಆಗಸ್ಟಿನ ಎರಡನೇ ಶನಿವಾರ. ಆಲಪ್ಪುಳದ ಪುನ್ನಮಡ ಹಿನ್ನೀರಿನಲ್ಲಿ ನೆಹರೂ ಟ್ರೋಫಿಯ ದೋಣಿ ಪಂದ್ಯ. ಮಣ್ಣಾಂತರ ಊರಿನ, ನೂರು ಜನ ಹಿಡಿಸುವ ಹಾವುದೋಣಿಯ ಬಾಲದಲ್ಲಿ ನಿಂತು, ಉದ್ದನೆಯ ಹುಟ್ಟು ಹಿಡಿದು ದಿಕ್ಕು ಕಾಯುವವನು ಅವಳ ಗಂಡ ಸುಗುಣನ್. ಹಿಂದಿನ ಸಂಜೆಯೇ ಅವನು ದೋಣಿಯ ಜೊತೆ ಹೋಗಿದ್ದ. ಅವನ ಜೊತೆ ಚುಕ್ಕಾಣಿಗೆ ನಿಲ್ಲುವವರು, ದೋಣಿಯಲ್ಲಿ ಹುಟ್ಟು ಹಾಕುವ ಅರ್ಧದಷ್ಟು ಜನ, ಎಲ್ಲರೂ ಅವನ ದಾಯಾದಿಗಳೇ.

ಆ ಬಳಗದಲ್ಲಿ ಎಲ್ಲಿ ಸಾವಾದರೂ ಅಷ್ಟೂ ಜನಕ್ಕೆ ಸೂತಕ. ಸೂತಕದವರು ದೋಣಿ ಮುಟ್ಟುವಂತಿಲ್ಲ. ಹಿಂದೊಂದು ವರ್ಷ ಪಂದ್ಯ ಶುರುವಾಗುವ ಜಾಗದಲ್ಲಿ ದೋಣಿ ನಿಂತಿದ್ದಾಗಲೇ ಯಾರದೋ ಫೋನಿಗೆ ಚಿಕ್ಕಪ್ಪನೊಬ್ಬ ತೀರಿಕೊಂಡ ಸುದ್ದಿ ಬಂತು. ಅರ್ಧ ದೋಣಿ ನೀರಿಗೆ ಹಾರಿ ಈಜಿ ದಡ ಸೇರಿತು. ಉಳಿದವರು ದೋಣಿಯನ್ನು ಹೆಣ ಹೊತ್ತ ಹಾಗೆ ವಾಪಸು ತಂದರು. ಪಕ್ಕದ ಊರಿನವರು ಇಂದಿಗೂ ಅದನ್ನು ಹೇಳಿ ನಗುತ್ತಾರೆ. ಅಂದಿನಿಂದ ಮಣ್ಣಾಂತರ ಬೋಟ್ ಕ್ಲಬ್ಬಿನದೊಂದು ಕಟ್ಟುಪಾಡು. ಪಂದ್ಯದ ದಿನ ಈ ಬಳಗದ ಮನೆಗಳ ಫೋನೆಲ್ಲ ಕ್ಲಬ್ಬಿನ ವಶಕ್ಕೆ. ಸಾಯುವವರು ಫೈನಲ್ ಮುಗಿಸಿಕೊಂಡು ಸಾಯಬೇಕು ಎಂದು ಗಂಡಸರು ತಮಾಷೆ ಮಾಡುತ್ತಿದ್ದರು.

ತಂಗಮಣಿ ದೋಣಿಕಟ್ಟೆಯ ಬಳಿ ಓಡಿಹೋದಾಗ ಊರಿನ ಏಕೈಕ ಮೋಟಾರು ಬೋಟಿನಲ್ಲಿ ಬಾವುಟ ಹಿಡಿದ ಜನ ತುಂಬಿದ್ದರು. ಕ್ಲಬ್ಬಿನ ಅಧ್ಯಕ್ಷ ನಟೇಶನ್ ಬಿಳಿ ಮುಂಡು ಮೇಲೆತ್ತಿ ಕಟ್ಟಿಕೊಂಡು, ಫೋನು ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ನಟೇಶನ್ ಚೇಟ್ಟಾ, ಅಮ್ಮಂಗೆ ಎದೆನೋವು. ಬೋಟು ಬೇಕು. ಆಲಪ್ಪುಳದ ಆಸ್ಪತ್ರೆಗೆ ಹೋಗ್ಬೇಕು."

"ಎದೆನೋವಾ? ನಿನ್ನೆ ಏನ್ ತಿಂದ್ರು?"

"ಮರಗೆಣಸು, ಮೀನು ಸಾರು."

"ನೋಡು ಮತ್ತೆ! ಈ ವಯಸ್ಸಲ್ಲಿ ರಾತ್ರಿ ಮರಗೆಣಸು! ಗ್ಯಾಸ್ ಅದು."

"ಮುದುಕಿ ಪಾಲಿನ ಮೀನು ನಮಗೆ ಕೊಡ್ಬೇಕಿತ್ತು ಚೇಚಿ!" ಎಂದು ಬೋಟಿನೊಳಗಿಂದ ಯಾರೋ ಕೂಗಿದ. ಎಲ್ಲರೂ ನಕ್ಕರು.

ನಟೇಶನ್ ನಗಲಿಲ್ಲ. ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಬೆವರ್ತಿದಾರಾ?"

"ಸೀರೆಯೆಲ್ಲ ಒದ್ದೆ."

ಅವನು ನೀರಿನ ಕಡೆ ನೋಡಿದ. ಅವನಿಗೆ ಅರ್ಥವಾಗಿದೆ ಎಂದು ತಂಗಮಣಿಗೆ ಗೊತ್ತಾಯಿತು. ದಾರಿಯಲ್ಲಿ ಮುದುಕಿ ಸತ್ತರೆ ಆಲಪ್ಪುಳ ಪೂರ್ತಿ ಸುದ್ದಿ. ಸುದ್ದಿ ಪುನ್ನಮಡ ಮುಟ್ಟುವುದು ಎಷ್ಟು ಹೊತ್ತಿನ ಮಾತು?

"ಇವರನ್ನ ಇಳಿಸಿದ ತಕ್ಷಣ ಬೋಟು ವಾಪಸ್ ಕಳಿಸ್ತೀನಿ. ನೀನು ಜೀರಿಗೆ ನೀರು ಕುಡಿಸ್ತಿರು," ಎಂದು ಚೀಲದ ಬಾಯಿ ತೆರೆದ. "ಫೋನು."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಅದಕ್ಕೇ ಕೇಳ್ತಿರೋದು ತಂಗಮಣಿ."

ಅವಳು ಕೊಟ್ಟಳು. ಹೆದರಿ ಕೊಟ್ಟದ್ದಲ್ಲ. ಹಿಂದಿನ ವರ್ಷ ದೋಣಿ ಒಂದು ಮೊಳದಲ್ಲಿ ಸೋತಿತ್ತು. ಸುಗುಣನ್ ಓಣಂ ಹಬ್ಬದ ಎಲೆಯ ಮುಂದೆಯೂ ಕೂತಿರಲಿಲ್ಲ. ಆ ಮೌನವನ್ನು ಇನ್ನೊಂದು ವರ್ಷ ಬಡಿಸಿಕೊಳ್ಳುವ ತ್ರಾಣ ಅವಳಿಗಿರಲಿಲ್ಲ.

ಬಿಸಿಲು ನೆತ್ತಿಗೆ ಬಂದರೂ ಬೋಟು ಬರಲಿಲ್ಲ. ಪಕ್ಕದ ಮನೆಯ ಓಮನ ಬಂದು ನೋಡಿದವಳೇ, "ಇದು ಗ್ಯಾಸಲ್ಲ ಕಣೇ," ಎಂದಳು. ಇಬ್ಬರೂ ಸೇರಿ ಭಾರ್ಗವಿಯಮ್ಮನನ್ನು ಹುಲ್ಲು ತರುವ ಚಿಕ್ಕ ದೋಣಿಯಲ್ಲಿ ಮಲಗಿಸಿದರು. ಓಮನ ಕೊಡೆ ಹಿಡಿದಳು, ತಂಗಮಣಿ ಹುಟ್ಟು ಹಿಡಿದಳು. ರಸ್ತೆ ಸಿಗುವ, ದೋಣಿ ನಿಲ್ಲುವ ಕಡವಿನವರೆಗೆ ಹೋದರೆ ಆಟೋ ಸಿಗಬಹುದು.

"ಇದೇನು ಹುಟ್ಟು ಹಾಕೋದಾ, ಪಾಯಸ ತಿರುವೋದಾ?" ಎಂದಳು ಮುದುಕಿ, ಕಣ್ಣು ಮುಚ್ಚಿಕೊಂಡೇ.

"ಸುಮ್ನೆ ಮಲಗಮ್ಮ."

"ಸುಗುಣನಿಗೆ ಹೇಳಿ ಕಳ್ಸಿದ್ಯಾ?"

"ಹ್ಞೂಂ. ಬರ್ತಾರೆ."

"ಬರಲ್ಲ. ಇವನಪ್ಪನೂ ಬರ್ಲಿಲ್ಲ. ಇವನನ್ನ ಹೆರೋವಾಗ ನಾನು ಕಿರುಚ್ತಿದ್ರೆ ಆ ಮನುಷ್ಯ ದೋಣಿಗೆ ಮೀನೆಣ್ಣೆ ತಿಕ್ತಿದ್ದ." ಸ್ವಲ್ಪ ಉಸಿರು ಎಳೆದುಕೊಂಡಳು. "ಮುಳುಗಿ ಹೋಗ್ಲಿ ಆ ದೋಣಿ."

"ಅಯ್ಯೋ, ಹಾಗನ್ಬೇಡಿ ಚೇಚಿ, ನನ್ನ ಮಗ ಇದಾನೆ ಅದರಲ್ಲಿ," ಎಂದಳು ಓಮನ.

"ಅವನಿಗೆ ಈಜು ಬರುತ್ತಲ್ಲ?"

ಓಮನಳಿಗೆ ನಗು ಬಂತು. ತಂಗಮಣಿಯೂ ನಕ್ಕಳು. ಭಾರ್ಗವಿಯಮ್ಮ ತಂಗಮಣಿಯ ಪಾದ ಹಿಡಿದುಕೊಂಡು, "ಬೇಗ ಹಾಕೇ. ನಂಗೆ ಸಾಯೋಕೆ ಇಷ್ಟ ಇಲ್ಲ," ಎಂದಳು. ತೀರ ಮೆಲ್ಲಗೆ, ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಸಹಜವಾಗಿ.

ಕಾಲುವೆ ತಿರುಗುವಲ್ಲಿ ಪಾದದ ಮೇಲಿನ ಹಿಡಿತ ಸಡಿಲವಾಯಿತು. ಓಮನ ಬಗ್ಗಿ ಮೂಗಿನ ಬಳಿ ಬೆರಳಿಟ್ಟಳು. ಆಮೇಲೆ ಕೊಡೆಯನ್ನು ಇನ್ನಷ್ಟು ತಗ್ಗಿಸಿದಳು, ಮುಖ ಕಾಣದ ಹಾಗೆ.

ಎದುರಿನ ದಡದ ಶೇಂದಿ ಅಂಗಡಿಯಲ್ಲಿ ರೇಡಿಯೋ ಅರಚುತ್ತಿತ್ತು. ಅಂಗಡಿಯವನು ಹೊರಗೆ ಬಂದು ಎರಡೂ ಕೈ ಬೀಸಿದ. "ಏಯ್ ತಂಗಮಣೀ! ಫೈನಲ್ಲಿಗೆ ಬಂದ್ರು! ನಿನ್ನ ಗಂಡ ಹಾವಿಗೆ ರೆಕ್ಕೆ ಕಟ್ಟಿದಾನೆ! ಮುದುಕಿನ ಎಲ್ಲಿಗೆ ಹೊತ್ಕೊಂಡು ಹೊರಟೆ?"

ಅವನ ಜೇಬಿನಲ್ಲಿ ಫೋನಿತ್ತು, ಮೇಲಿನ ತುದಿ ಕಾಣುತ್ತಿತ್ತು. ಒಂದು ಮಾತು ಸಾಕಿತ್ತು. ಹೇಳಿದರೆ ಸುಗುಣನ್ ಹುಟ್ಟು ಕೆಳಗಿಟ್ಟು ನೀರಿಗೆ ಹಾರುತ್ತಾನೆ, ಅವನ ಹಿಂದೆ ಅರ್ಧ ದೋಣಿ. ನಟೇಶನ್ ಮುಖಕ್ಕೆ ಅದು ಸರಿಯಾಗಿ ಬಡಿಯುತ್ತದೆ. ಹೇಳದಿದ್ದರೆ ಹೆತ್ತವಳ ಸೂತಕದಲ್ಲೇ ಅವನು ಫೈನಲ್ ಆಡುತ್ತಾನೆ, ಪಾಪ ತನ್ನ ತಲೆಗೆ. ತಂಗಮಣಿ ಬಾಯಿ ತೆರೆದಳು.

"ನಿದ್ದೆ ಮಾಡ್ತಿದಾರೆ. ಸುಮ್ನೆ ಗಾಳಿಗೆ ಅಂತ ಬಂದ್ವಿ," ಎಂದಳು ಓಮನ. ಮತ್ತೆ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ತಿರುಗಿಸೇ. ಹೋದವರು ಹೋದ್ರು. ಇನ್ನೊಂದು ರೇಸು ಅಷ್ಟೇ."

ತಂಗಮಣಿ ದೋಣಿ ತಿರುಗಿಸಿದಳು.

ಮನೆಯಲ್ಲಿ ಶವವನ್ನು ಮಂಚದ ಮೇಲೆ ಮಲಗಿಸಿ, ಕುತ್ತಿಗೆಯವರೆಗೆ ಹೊದಿಸಿದರು. ತಲೆಯ ಬಳಿ ದೀಪ ಹಚ್ಚಲಿಲ್ಲ. ನೆಲಕ್ಕೆ ಇಳಿಸಲಿಲ್ಲ. ದೀಪ ಹಚ್ಚಿದರೆ, ನೆಲಕ್ಕಿಳಿಸಿದರೆ ಅದು ಸಾವಾಗುತ್ತದೆ; ಮಂಚದ ಮೇಲಿದ್ದರೆ ಕಾಯಿಲೆ. ಓಮನ ತನ್ನ ಮನೆಗೆ ಹೋದಳು. ತಂಗಮಣಿ ಕಿಟಕಿ ಮುಚ್ಚಿ ನೊಣ ಓಡಿಸುತ್ತ ಕೂತಳು. ಬಹಳ ಹೊತ್ತಿನ ಮೇಲೆ ಊರಿನ ಆ ತುದಿಯಲ್ಲಿ ಪಟಾಕಿ ಸಿಡಿಯಿತು. ಹೆಂಗಸರು, ಮಕ್ಕಳು ಕೂಗಿದರು. ಗೆದ್ದಿದ್ದರು. ತಂಗಮಣಿಗೆ ಖುಷಿಯಾಯಿತು. ಹೆಣದ ಪಕ್ಕ ಕೂತು ಅವಳಿಗೆ ನಿಜಕ್ಕೂ ಖುಷಿಯಾಯಿತು. ಈ ಮಾತನ್ನು ಅವಳು ಆಮೇಲೂ ಯಾರ ಬಳಿಯೂ ಆಡಲಿಲ್ಲ.

ಹೊತ್ತು ಇಳಿಯುವಾಗ ದೋಣಿಹಾಡು ಕಾಲುವೆಯುದ್ದಕ್ಕೂ ಹತ್ತಿರವಾಯಿತು. ಗೆದ್ದ ಟ್ರೋಫಿ ಮೊದಲು ಚುಕ್ಕಾಣಿ ಹಿಡಿದವನ ಮನೆಗೆ. ಸುಗುಣನ್ ಎದೆಗೊತ್ತಿಕೊಂಡು ತಂದ. ಮರದ ಪೀಠದ ಮೇಲೆ ಬೆಳ್ಳಿಯ ಹಾವುದೋಣಿ. ಹಿಂದೆ ನಟೇಶನ್, ಅಂಗಳದ ತುಂಬ ಜನ.

"ಅಮ್ಮಾ! ನೋಡಿಲ್ಲಿ ಯಾರನ್ನ ಕರ್ಕೊಂಡು ಬಂದೆ!" ಎಂದು ಅವನು ನೇರ ಒಳಗೆ ಬಂದ. ಮಂಚದ ಬಳಿ ಬಗ್ಗಿದ. ಬೆಳ್ಳಿಯ ತುದಿ ಅಮ್ಮನ ಕೆನ್ನೆಗೆ ತಾಗಿತು. ಅವನು ಹಾಗೆಯೇ ನಿಂತ.

ನಟೇಶನ್ ಒಳಗೆ ಬಂದು ಬಾಗಿಲು ಎಳೆದುಕೊಂಡ. "ಯಾವಾಗ?" ಎಂದು ತಂಗಮಣಿಯನ್ನು ಕೇಳಿದ. "ಈಗ ತಾನೇ, ಅಲ್ವಾ? ಪಟಾಕಿ ಹೊಡೆದ ಮೇಲೆ?"

"ಮಧ್ಯಾಹ್ನ. ಕಾಲುವೇಲಿ. ನಿಮ್ಮ ಬೋಟು ಕಾದು ಕಾದು ನಾನೇ ಹುಟ್ಟು ಹಾಕ್ಕೊಂಡು ಹೊರಟಿದ್ದೆ. ಸಾಯೋಕೆ ಇಷ್ಟ ಇಲ್ಲ ಅಂದ್ರು." ಅವಳು ಗಂಡನ ಕಡೆ ತಿರುಗಿದಳು. "ಬೆಳಿಗ್ಗೆಯೇ ಬೋಟು ಕೇಳಿದ್ದೆ. ಇವರು ಫೋನು ಇಸ್ಕೊಂಡ್ರು."

ಈಗ ಅವನು ನಟೇಶನ್ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡಳು. ಸುಗುಣನ್ ಕಣ್ಣಲ್ಲಿ ನೀರಿತ್ತು. ಟ್ರೋಫಿಯನ್ನು ಅವನು ಇನ್ನೂ ಎದೆಗೆ ಒತ್ತಿಕೊಂಡೇ ಇದ್ದ.

"ಇನ್ಯಾರಿಗೆ ಗೊತ್ತು?" ಎಂದ.

"ಏನು?"

"ಮಧ್ಯಾಹ್ನವೇ ಅಂತ. ಯಾರಿಗೆಲ್ಲ ಗೊತ್ತು?"

"ಓಮನ ಚೇಚಿಗೆ."

"ಅವಳ ಮಗ ದೋಣಿಯಲ್ಲಿದಾನೆ. ಅವಳು ಬಾಯಿ ಬಿಡಲ್ಲ," ಎಂದ ನಟೇಶನ್.

ಸುಗುಣನ್ ತಲೆಯಾಡಿಸಿದ. ಟ್ರೋಫಿಗೆ ಸೂತಕದ ಮನೆಯ ಗಾಳಿ ತಾಗಬಾರದೆಂಬಂತೆ ಮುಂಡಿನ ಅಂಚಿನಿಂದ ಅದರ ತುದಿ ಒರೆಸಿ, ನಟೇಶನ್ ಕೈಗೆ ಕೊಟ್ಟು, ಹಿತ್ತಲ ಬಾಗಿಲಿನಿಂದ ಕಳಿಸಿದ. ವಾಪಸು ಬಂದು ಅಮ್ಮನನ್ನು ಎರಡು ಕೈಯಲ್ಲಿ ಎತ್ತಿ ನೆಲದ ಮೇಲೆ ಮಲಗಿಸಿದ. ದೀಪ ಹಚ್ಚಿ ಕಿಟಕಿ ತೆರೆದ. ಅಂಗಳದಲ್ಲಿ ಹಾಡು ಇನ್ನೂ ನಡೆದಿತ್ತು.

"ಈಗ ಅಳು," ಎಂದ ಹೆಂಡತಿಗೆ.

ತಂಗಮಣಿ ಅತ್ತೆಯ ಹೊದಿಕೆ ಸರಿಮಾಡಿದಳು. ಅವನು ಅವಳ ತೋಳು ಹಿಡಿದು ಅಲ್ಲಾಡಿಸಿದ. ಕಡೆಗೆ ಪಕ್ಕದ ಮನೆಯಲ್ಲಿ, ಕಿಟಕಿಯಿಂದ ದೀಪ ಕಂಡ ಓಮನ ಎದೆ ಬಡಿದುಕೊಂಡು ಗೋಳು ಶುರುಮಾಡಿದಳು. ಅಂಗಳದ ಹಾಡು ಅರ್ಧಕ್ಕೆ ನಿಂತಿತು. ಆಮೇಲೆ ಮನೆಯಿಂದ ಮನೆಗೆ ಹೆಂಗಸರೆಲ್ಲ ದನಿ ಸೇರಿಸಿದರು.