ಈಗಿನ ರೋಗಿ

ನನಗೊಂದು ಸಣ್ಣ ಚಿಂತೆ ಇದೆ. ಯಾರಿಗೂ ಹೇಳಿಲ್ಲ, ಡೈರಿಯಲ್ಲಿ ಬರೆದಿದ್ದೇನೆ ಅಷ್ಟೆ. ಸದ್ದಿಲ್ಲದ ಕೋಣೆಯಲ್ಲಿ ನಾನು ಉಗುಳು ನುಂಗಿದರೆ ಅದು ಎಲ್ಲರಿಗೂ ಕೇಳಿಸುತ್ತದೆ ಎಂದು ನನ್ನ ಅನುಮಾನ. ಹಾಗಾಗಿ ಪಕ್ಕದಲ್ಲಿ ಯಾರಾದರೂ ಇದ್ದರೆ, ಹೊರಗೆ ಒಂದು ಲಾರಿ ಹಾರ್ನ್ ಹೊಡೆಯಲಿ ಎಂದು ಕಾಯ್ದು ನುಂಗುತ್ತೇನೆ. ಬಿ.ಸಿ.ಎ. ಮುಗಿಸಿದ ಇಪ್ಪತ್ನಾಲ್ಕು ವರ್ಷದವಳು ಇಂಥದ್ದಕ್ಕೆ ಹೆದರುತ್ತಾಳೆಂದರೆ ನಗು ಬರಬೇಕು. ನನಗೆ ಬರುವುದಿಲ್ಲ.

ಆ ಲೆಕ್ಕದಲ್ಲಿ ಕೆಲಸದ ಜಾಗ ನನಗೆ ಅನುಕೂಲವೇ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿಯ ಮೇಲೆ ಸಾಲೋಮನ ಸರ್ ಅವರ ರಕ್ತಪರೀಕ್ಷೆಯ ಲ್ಯಾಬ್ ಇದೆ. ಕೆಳಗೆ ಹಮಾಲರು ತೊಗರಿ ಚೀಲ ಇಳಿಸುವ ಗದ್ದಲ ಬೆಳಗಿನಿಂದ ಸಂಜೆಯವರೆಗೂ ಮುಗಿಯುವುದಿಲ್ಲ. ಕಪಾಟಿನಷ್ಟೇ ಅಗಲದ ಒಂದು ಕ್ಯಾಬಿನ್ನಿನಲ್ಲಿ ನಾನು ಮತ್ತು ಎರಡು ಕಂಪ್ಯೂಟರ್. ಭಾಲ್ಕಿಯಲ್ಲೂ ಔರಾದಿನಲ್ಲೂ ಲ್ಯಾಬಿನ ಒಂದೊಂದು ಕೇಂದ್ರವಿದೆ. ಭಾಲ್ಕಿಯದನ್ನು ಒವೈಸ ನೋಡಿಕೊಳ್ಳುತ್ತಾನೆ, ಔರಾದಿನದನ್ನು ಜಿಜಾಬಾಯಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ತೆಗೆದು, ನಳಿಗೆಗೆ ನಂಬರಿನ ಚೀಟಿ ಅಂಟಿಸಿ, ಥರ್ಮಾಕೋಲ್ ಡಬ್ಬಿಯಲ್ಲಿ ಬರ್ಫದ ಗಡ್ಡೆಗಳ ನಡುವೆ ಇಟ್ಟು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬೀದರಿಗೆ ಕಳಿಸುತ್ತಾರೆ. ರಿಪೋರ್ಟು ರೋಗಿಯ ಫೋನಿಗೆ ಹೋಗುತ್ತದೆ.

ರೋಗಿಗಳ ಹೆಸರು ಕಂಪ್ಯೂಟರಿಗೆ ಹತ್ತಿಸಿ ನಂಬರು ಕೊಡುವ ಪ್ರೋಗ್ರಾಮು ನನ್ನದು. ನಾಲ್ಕು ತಿಂಗಳು ಒಬ್ಬಳೇ ಕೂತು ಬರೆದೆ. ರಾತ್ರಿಗೆ ಚಿದ್ರಿಯಲ್ಲಿ ಒಂದು ಬಾಡಿಗೆ ಕೋಣೆ, ರವಿವಾರಕ್ಕೆ ಕಮಠಾಣದ ನಮ್ಮ ಮನೆ. ಮನೆಗೆ ಹೋದರೆ ಅವ್ವ ಕೆಲಸ ಹ್ಯಾಂಗ ಅದ ಎಂದು ಕೇಳುತ್ತಾಳೆ, ಛಲೋ ಅದ ಎನ್ನುತ್ತೇನೆ. ಆಮೇಲೆ ಇಬ್ಬರಿಗೂ ಮಾತು ಮುಗಿದು ಹೋಗುತ್ತದೆ.

ನನ್ನ ಜೊತೆ ದಿನಾ ಮಾತಾಡುತ್ತಿದ್ದವರು ಜಿಜಾಬಾಯಿ ಒಬ್ಬರೇ. ಅವರನ್ನು ನಾನು ನೋಡಿರಲಿಲ್ಲ, ಅವರೂ ನನ್ನನ್ನು ನೋಡಿರಲಿಲ್ಲ. ಎಂಟು ತಿಂಗಳಿಂದ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಅವರ ಫೋನ್ ಬರುತ್ತಿತ್ತು. ಕಂಪ್ಯೂಟರಿನ ಲೈನ್ ಹತ್ತಿದೆಯೋ ಇಲ್ಲವೋ ಕೇಳುವುದು ನೆಪ. ಚಹಾ ಆಯಿತೇ, ರಾತ್ರಿ ಏನು ಮಾಡಿಕೊಂಡೆ, ಚಿದ್ರಿಯಲ್ಲಿ ನೀರು ಬಂತೇ, ಎಲ್ಲ ವಿಚಾರಿಸುತ್ತಿದ್ದರು. ಔರಾದ ಕಡೆಯವರು, ಮಾತಿನಲ್ಲಿ ಅರ್ಧ ಮರಾಠಿ. ನಾನು ಹೂಂ, ಹೌದ್ರಿ, ಆಗ್ಯದ್ರಿ ಎನ್ನುತ್ತಿದ್ದೆ.

“ನಿಂದೂ ಕಂಪ್ಯೂಟರ್ ಆವಾಜೇ ಆಗ್ಯದ ನೋಡು ತಂಗಿ,” ಎಂದು ಒಮ್ಮೆ ಛೇಡಿಸಿದರು. “ಒಂದ್ ಬಟನ್ ಒತ್ತಿದ್ರ ಹೌದ್ರಿ, ಇನ್ನೊಂದ್ ಒತ್ತಿದ್ರ ಇಲ್ರಿ. ಮೂರನೇ ಬಟನ್ ಎಲ್ಲದ?”

ಆ ದಿನ ಫೋನ್ ಇಟ್ಟ ಮೇಲೆ ಒಬ್ಬಳೇ ನಕ್ಕೆ. ಡೈರಿಯಲ್ಲಿ ಅದನ್ನೂ ಬರೆದಿದ್ದೇನೆ.

ಹೊಸ ಪ್ರೋಗ್ರಾಮು ಶುರುವಾದ ಸೋಮವಾರ ಎಲ್ಲ ಸುಸೂತ್ರವಾಗಿ ನಡೆಯಿತು ಎಂದುಕೊಂಡೆವು. ಭಾಲ್ಕಿಯ ಒಬ್ಬ ಹೆಂಗಸಿನ ರಿಪೋರ್ಟು ಮಾತ್ರ ಬರಲಿಲ್ಲ. ಒವೈಸ ಮರುದಿನ ಮತ್ತೆ ರಕ್ತ ತೆಗೆದು ಸುಮ್ಮನಾದ. ಬುಧವಾರ ಔರಾದಿನಿಂದ ಸುದ್ದಿ ಬಂತು. ಪಂಢರಿ ಎಂಬ ಅರವತ್ತು ವರ್ಷದ ರೈತರಿಗೆ ಸೋಮವಾರದ ರಿಪೋರ್ಟಿನಲ್ಲಿ ಸಕ್ಕರೆ ಮುನ್ನೂರರ ಮೇಲಿತ್ತು. ಹೆದರಿ ಅವರು ಊಟ ಅರ್ಧ ಮಾಡಿ, ಪಕ್ಕದ ಮನೆಯವರ ಸಕ್ಕರೆ ಬೇನೆಯ ಗುಳಿಗೆ ಇಸಿದುಕೊಂಡು ನುಂಗಿದ್ದರು. ಎರಡನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಬೆವರಿ ಬಿದ್ದರು. ದವಾಖಾನೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ, ಇವರಿಗೆ ಸಕ್ಕರೆ ಬೇನೆಯೇ ಇಲ್ಲ ಎಂದರಂತೆ. ಮಗ ಸಿಟ್ಟಿನಿಂದ ಫೋನ್ ತೆಗೆದು ನೋಡಿದರೆ ಲ್ಯಾಬಿನಿಂದ ಅಪ್ಪನ ಹೆಸರಿಗೆ ಎರಡು ರಿಪೋರ್ಟು ಬಂದಿದ್ದವು. ಒಂದರಲ್ಲಿ ಮುನ್ನೂರು, ಅವರು ತೆರೆಯದೇ ಬಿಟ್ಟ ಇನ್ನೊಂದರಲ್ಲಿ ತೊಂಬತ್ತನಾಲ್ಕು.

ಸಾಲೋಮನ ಸರ್ ಕೂಗಾಡುವವರಲ್ಲ. ಹಣೆ ಒತ್ತಿಕೊಂಡು ಕೂತರು. ಒಂದೇ ಹೆಸರು ಎರಡು ಸಲ ಹತ್ತಿದೆ ಎಂದರೆ ಜಿಜಾಬಾಯಿ ಎರಡು ಸಲ ಒತ್ತಿದ್ದಾಳೆ, ಚೀಟಿ ಅದಲುಬದಲಾಗಿ ಬೇರೆ ಯಾರದೋ ನಳಿಗೆಗೆ ಅಂಟಿದೆ ಎಂದು ಅವರ ತೀರ್ಮಾನ. ಹಿಂದಿನ ವರ್ಷ, ಕೈಯಿಂದ ಚೀಟಿ ಬರೆಯುತ್ತಿದ್ದ ಕಾಲದಲ್ಲಿ, ಜಿಜಾಬಾಯಿಯಿಂದ ಒಮ್ಮೆ ಹಾಗೆ ಆಗಿತ್ತಂತೆ. ಕಂಪ್ಯೂಟರಿಗೆ ಅಂಥ ಮರೆವಿಲ್ಲ ಎಂದು ನನ್ನ ಕಡೆ ನೋಡಿ ಹೇಳಿದರು. ನಾನು ತಲೆ ತಗ್ಗಿಸಿದೆ. ಹೌದು ಎಂದ ಹಾಗೆ ಕಂಡಿರಬೇಕು.

ಗುರುವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ. ಅವತ್ತು ಜಿಜಾಬಾಯಿ ಚಹಾದ ಮಾತು ಎತ್ತಲಿಲ್ಲ.

“ನೀ ಒಳಗ ನೋಡಿ ಹೇಳ ತಂಗಿ. ನಾ ಖರೇನೇ ಎರಡ್ ಸಲ ಒತ್ತೀನೇನು? ನಂಗಂತೂ ನೆಪ್ಪಿಲ್ಲ. ಕಣ್ಣ ಬ್ಯಾರೆ ಮಂಜಾಗ್ಯಾವ.”

“ನೋಡ್ತೇನ್ರಿ,” ಎಂದೆ.

ನೋಡಿದೆ. ಹುಡುಕಲು ಒಂದು ತಾಸೂ ಹಿಡಿಯಲಿಲ್ಲ.

ಪ್ರೋಗ್ರಾಮಿನಲ್ಲಿ ‘ರೋಗಿ’ ಎಂಬ ಅಚ್ಚು ಒಂದೇ ಇರುತ್ತದೆ. ಆ ಅಚ್ಚಿನಿಂದ ಪ್ರತಿಯೊಬ್ಬರಿಗೂ ಒಂದೊಂದು ಆಬ್ಜೆಕ್ಟ್ ಹುಟ್ಟುತ್ತದೆ: ಪಂಢರಿಯವರದೊಂದು, ಭಾಲ್ಕಿಯ ಹೆಂಗಸಿನದೊಂದು. ಅವು ಮಾಡುವ ಕೆಲಸವನ್ನು ಮಾತ್ರ ಅಚ್ಚಿನಲ್ಲಿ ಒಂದೇ ಸಲ ಬರೆದಿರುತ್ತೇವೆ. ಹೆಸರು ಇಟ್ಟುಕೊ, ನಂಬರು ತೆಗೆದುಕೊ. ಯಾರ ಹೆಸರು? ಕೆಲಸ ಮಾಡುತ್ತಿರುವ ಆಬ್ಜೆಕ್ಟ್ ಯಾವುದೋ ಅದರದು. ಹಾಗೆ ಅದು ತನ್ನನ್ನೇ ತೋರಿಸಿಕೊಳ್ಳಲು ಜಾವಾ ಭಾಷೆಯಲ್ಲಿ ‘ದಿಸ್’, ಅಂದರೆ ‘ಇದು’, ಎಂದು ಬರೆಯುತ್ತಾರೆ. ಕಾಲೇಜಿನಲ್ಲಿ ಸುಶೀಲಕುಮಾರ ಸರ್ ಇದನ್ನು ಹಾಜರಿ ಕರೆಯುತ್ತಲೇ ಹೇಳಿಕೊಟ್ಟಿದ್ದರು. ಅರವತ್ತು ಮಂದಿಯೂ ‘ನಾ ಇದ್ದೇನ್ರಿ ಸರ್’ ಎಂದೇ ಕೂಗುತ್ತೀರಿ, ಮಾತು ಒಂದೇ ಆದರೂ ಕೂಗಿದವರ ಹೆಸರಿಗೆ ಹೋಗುತ್ತದಲ್ಲವೇ ಎಂದು. ಕ್ಲಾಸೆಲ್ಲ ತಲೆದೂಗಿತು. ನನ್ನ ಹಾಜರಿಯನ್ನು ಮೂರು ವರ್ಷವೂ ಪಕ್ಕದ ಅಕ್ಸಾ ಕೂಗಿದಳು.

ನನ್ನ ಪ್ರೋಗ್ರಾಮಿನಲ್ಲಿ ನಾನು ಆ ‘ದಿಸ್’ ಬರೆದಿರಲಿಲ್ಲ. ಅದರ ಬದಲು ಮೂರೂ ಊರಿಗೆ ಸೇರಿ ಒಂದೇ ಡಬ್ಬಿ ಇಟ್ಟು ‘ಈಗಿನ ರೋಗಿ’ ಎಂದು ಅದಕ್ಕೆ ಹೆಸರು ಕೊಟ್ಟಿದ್ದೆ. ಪ್ರೋಗ್ರಾಮಿನ ಯಾವ ಮೂಲೆಯಿಂದಲೂ ಕೈಗೆ ಸಿಗುತ್ತದೆ, ಸುಲಭ ಎಂದು. ಒಬ್ಬರೇ ಒತ್ತುವಾಗ ಡಬ್ಬಿಯಲ್ಲಿರುವುದು ಅವರದೇ ಹೆಸರು. ಆದರೆ ಸೋಮವಾರ ಬೆಳಿಗ್ಗೆ ಏಳು ಹೊಡೆದು ನಾಲ್ಕು ನಿಮಿಷಕ್ಕೆ ಭಾಲ್ಕಿಯಲ್ಲಿ ಒವೈಸ ಆ ಹೆಂಗಸಿನ ಹೆಸರು ಬರೆದು ಬಟನ್ ಒತ್ತಿದ. ನಂಬರು ಬೀಳುವ ಮೊದಲೇ, ಅದೇ ಸೆಕೆಂಡಿನಲ್ಲಿ, ಔರಾದಿನಲ್ಲಿ ಜಿಜಾಬಾಯಿ ಒತ್ತಿದರು. ಡಬ್ಬಿಯೊಳಗಿನ ಹೆಂಗಸನ್ನು ದೂಡಿ ಪಂಢರಿಯವರು ಕೂತರು. ಎರಡೂ ನಂಬರು ಅವರ ಹೆಸರಿಗೇ ಬಿದ್ದವು. ಆ ಹೆಂಗಸಿನ ರಕ್ತದಲ್ಲಿದ್ದ ಸಕ್ಕರೆ ಪಂಢರಿಯವರ ಫೋನಿಗೆ ಹೋಯಿತು.

ಪರೀಕ್ಷೆ ಮಾಡಿಯೇ ಕೊಟ್ಟಿದ್ದೆನಲ್ಲ ಎಂದು ಹಳೆಯ ದಾಖಲೆ ತೆಗೆದೆ. ಐವತ್ತು ಸಲ ಪರೀಕ್ಷಿಸಿದ್ದೇನೆ. ಐವತ್ತು ಸಲವೂ ಒಂದೇ ಕಂಪ್ಯೂಟರ್, ಒಂದೇ ಹೆಸರು, ನನ್ನದೇ: ಮಹಾಮಾಯಾ, ಇಪ್ಪತ್ನಾಲ್ಕು, ಹೆಣ್ಣು, ಕಮಠಾಣ. ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ಒತ್ತಿ ನೋಡಬೇಕು ಎಂದು ಗೊತ್ತಿರಲಿಲ್ಲ ಎನ್ನಲಾರೆ. ಅದಕ್ಕೆ ಇನ್ನೊಬ್ಬರು ಬೇಕು. ರಿಸೆಪ್ಷನ್ನಿನ ಶಿವಾನಿಯನ್ನು ಎರಡು ನಿಮಿಷ ಇಲ್ಲಿ ಕೂಡು ಬಾ ಎಂದು ಕರೆಯಬೇಕಿತ್ತು. ಕರೆಯಲು ನಾಲ್ಕೈದು ದಿನ ಮನಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ಆಮೇಲೆ ಬಿಟ್ಟೆ.

ಮಧ್ಯಾಹ್ನದೊಳಗೆ ಡಬ್ಬಿ ತೆಗೆದು ಹಾಕಿ, ಬೇಕಾದ ಕಡೆಯಲ್ಲೆಲ್ಲ ‘ದಿಸ್’ ಬರೆದೆ. ಇನ್ನು ಮುಂದೆ ಯಾರ ಹೆಸರೂ ಯಾರ ಮೇಲೂ ಬೀಳುವುದಿಲ್ಲ. ಆದರೆ ಆದದ್ದು ಇತ್ತಲ್ಲ. ಮೂರು ದಿನದ ದಾಖಲೆ ಜಾಲಾಡಿದರೆ ಅಂಥ ಇನ್ನೆರಡು ಜೋಡಿ ಸಿಕ್ಕವು. ನಾಲ್ಕೂ ಮಂದಿಯ ರಕ್ತ ಮತ್ತೆ ತೆಗೆಯಬೇಕು. ಸರ್‌ಗೆ ಹೇಳಬೇಕು ಎಂದು ಎದ್ದು ಅವರ ಬಾಗಿಲವರೆಗೆ ಹೋದೆ, ತಿರುಗಿ ಬಂದು ಕೂತೆ. ಆಮೇಲೆ ಮಾಡಿದ್ದನ್ನು ಡೈರಿಯಲ್ಲಿ ಬರೆಯುವುದಕ್ಕೂ ನಾಚಿಕೆಯಾಯಿತು. ಆ ನಾಲ್ಕೂ ಹೆಸರಿನ ಮುಂದೆ ‘ರಕ್ತ ಸಾಲದು, ಮತ್ತೊಮ್ಮೆ ಕೊಡಬೇಕು’ ಎಂದು ಹಾಕಿದೆ. ಮೆಸೇಜು ತಾನಾಗಿಯೇ ಹೋಯಿತು. ಯಾರಿಗೂ ತೊಂದರೆ ಇಲ್ಲ, ಒಂದು ಸೂಜಿ ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ.

ಆ ನಾಲ್ವರಲ್ಲಿ ಇಬ್ಬರು ಔರಾದಿನವರು, ಒಬ್ಬರು ಭಾಲ್ಕಿಯವರು, ಇನ್ನೊಬ್ಬರು ಬೀದರಿನವರು. ಶುಕ್ರವಾರ ಸಂಜೆ ಸರ್ ಆ ಪಟ್ಟಿ ನೋಡಿ ಹಣೆ ಮತ್ತಷ್ಟು ಒತ್ತಿಕೊಂಡರು. ಜಿಜಾಬಾಯಿಗೆ ಬಟನ್ ಒತ್ತಲು ಬರುವುದಿಲ್ಲ ಎಂದುಕೊಂಡಿದ್ದೆ, ಈಗ ರಕ್ತವನ್ನೂ ಸರಿಯಾಗಿ ತೆಗೆಯುತ್ತಿಲ್ಲ, ವಯಸ್ಸಾಯಿತು ಪಾಪ ಎಂದರು. ಸೋಮವಾರದಿಂದ ಶಿವಾನಿ ಔರಾದಿಗೆ ಹೋಗಲಿ, ಜಿಜಾಬಾಯಿಯಿಂದ ಒಂದು ತಪ್ಪೊಪ್ಪಿಗೆ ಬರೆಸಿಕೊಂಡು ಬಿಡೋಣ, ಪಂಢರಿಯ ಮಗನಿಗೂ ತೋರಿಸಲು ಬೇಕು ಎಂದು ಹೇಳಿ, ಸೋಮವಾರದ ಪಟ್ಟಿಯನ್ನು ಪ್ರಿಂಟ್ ತೆಗೆದಿಡಲು ನನಗೇ ತಿಳಿಸಿದರು. ನಾನು ಹೂಂ ಎಂದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಫೋನು ಬರಲಿಲ್ಲ. ಸರ್ ಕರೆಸಿದ್ದರಿಂದ, ಬೆಳಗಿನ ರಕ್ತ ತೆಗೆದು ಮುಗಿಸಿ ಜಿಜಾಬಾಯಿ ತಾವೇ ಬಸ್ ಹತ್ತಿದ್ದರು.

ಹನ್ನೊಂದರ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವರು ಇಷ್ಟು ಸಣ್ಣ ಆಳು ಎಂದು ನಾನು ಎಣಿಸಿರಲಿಲ್ಲ. ಫೋನಿನ ದನಿ ದೊಡ್ಡದು. ಹಸಿರು ಸೀರೆ, ಎದೆಗೆ ಅವುಚಿಕೊಂಡ ಥರ್ಮಾಕೋಲ್ ಡಬ್ಬಿ. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಅವತ್ತಿನ ನಳಿಗೆಗಳನ್ನು ಕಂಡಕ್ಟರಿಗೆ ಕೊಡದೆ ತಾವೇ ತಂದಿದ್ದರು. ಡಬ್ಬಿ ಇಳಿಸಿ ಉಸಿರು ಬಿಟ್ಟು, ಎದುರಿಗೆ ನಿಂತಿದ್ದ ನನ್ನನ್ನೇ ಕೇಳಿದರು:

“ಬಾಯಾರ, ನಮ್ಮ ಮಹಾಮಾಯಾ ಎಲ್ಲಿ ಕೂಡ್ತಾಳ್ರಿ?”

ನಾನೇ ಎನ್ನಬಹುದಿತ್ತು. ಬೆರಳು ಮಾಡಿ ಕ್ಯಾಬಿನ್ ತೋರಿಸಿದೆ. ಅವರು ಹೋಗಿ ಇಣುಕಿ, ಖಾಲಿ ಕುರ್ಚಿ ನೋಡಿ ಬಂದರು. ಚೀಲದಿಂದ ಕಾಗದದ ಒಂದು ಪೊಟ್ಟಣ ತೆಗೆದು ನನ್ನ ಕೈಗೆ ಇಟ್ಟರು.

“ಇನ್ನಾ ಬಂದಿಲ್ಲ ಕಾಣ್ತದ. ಶೇಂಗಾ ಹೋಳಿಗಿ ಅವ, ಆಕಿಗಿ ಕೊಡ್ರಿ. ಒಬ್ಬಾಕಿನೇ ಇರ್ತಾಳ, ಬರೋಬ್ಬರಿ ಉಣ್ಣಂಗಿಲ್ಲ. ಮಾತ ಕಮ್ಮಿ ಖರೆ, ಆದ್ರ ಭಾಳ ಚೆಂದ ಪೋರಿ.”

ಅಷ್ಟರಲ್ಲಿ ಸರ್ ಒಳಗೆ ಕರೆದರು. ಪೊಟ್ಟಣ ಎಡಗೈಯಲ್ಲಿ, ಪಟ್ಟಿ ಬಲಗೈಯಲ್ಲಿ ಹಿಡಿದು ನಾನೂ ಹೋಗಬೇಕಾಯಿತು.

ಸರ್ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆತ್ತಗೆಯೇ ಮಾತಾಡಿದರು. ಹದಿನಾಲ್ಕು ವರ್ಷದ ಕೆಲಸವನ್ನು ತಾವು ಮರೆತಿಲ್ಲ, ಆದರೆ ಒಂದು ಜೀವ ಹೋಗುವುದರಲ್ಲಿತ್ತು, ಹೀಗಿರುವಾಗ ತಾವೇನು ಮಾಡಬೇಕು ಎಂದರು. ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು ಅವರ ಮುಂದೆ ಹಾಸಿದರು. ಪಂಢರಿ. ಅದರ ಕೆಳಗೆ ಮತ್ತೆ ಪಂಢರಿ. ಜಿಜಾಬಾಯಿ ಕಾಗದವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಎರಡೂ ಸಾಲಿನ ಮೇಲೆ ಬೆರಳಾಡಿಸಿದರು. ನಾನು ಬಯಸಿದ್ದು ಅವರು ಜಗಳವಾಡಲಿ ಎಂದು. ಅವರು ಸಿಟ್ಟಿನಿಂದ ಇಲ್ಲ ಎಂದಿದ್ದರೆ ಸರ್ ಮತ್ತೊಮ್ಮೆ ನೋಡಲು ಹೇಳುತ್ತಿದ್ದರು, ಆಗ ನಾನು ನೋಡಿದಂತೆ ಮಾಡಿ, ಯಾರ ತಪ್ಪೂ ಅಲ್ಲದ ಹಾಗೆ ಏನಾದರೊಂದು ಹೇಳಬಹುದಿತ್ತು.

ಅವರು ಜಗಳವಾಡಲಿಲ್ಲ.

“ಕಂಪ್ಯೂಟರ್‌ನ್ಯಾಗ ಹಿಂಗ್ ಬಂದದ ಅಂದ್ರ ನಾನೇ ಒತ್ತಿರಬೇಕ್ರಿ ಸರ್,” ಎಂದರು. “ಆ ಪೋರಿ ನಾಕ್ ತಿಂಗಳ ಕುಂತು ಮಾಡ್ಯಾಳ. ಅದು ತಪ್ಪಂಗಿಲ್ಲ. ನನ್ನ ಕಣ್ಣೇ ತಪ್ಪ್ಯಾವ. ಎಲ್ಲಿ ಸಹಿ ಮಾಡ್ಲಿ?”

ಸರ್ ತಪ್ಪೊಪ್ಪಿಗೆಯ ಕಾಗದ ಸರಿಸಿ, ಸಹಿ ಮಾಡಬೇಕಾದ ಜಾಗದ ಮೇಲೆ ಬೆರಳಿಟ್ಟರು. ಜಿಜಾಬಾಯಿ ಪೆನ್ನಿನ ಮುಚ್ಚಳ ತೆಗೆದರು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಒಂದು ಗಳಿಗೆ ಸುತ್ತ ನೋಡಿ, ಹಿಡಿದುಕೊಳ್ಳಲೆಂದು ನನ್ನ ಕಡೆ ಚಾಚಿದರು. ನನ್ನ ಮುಖ ಅವರಿಗೆ ಇನ್ನೂ ಯಾರದೋ ಮುಖ. ಮುಚ್ಚಳ ತೆಗೆದುಕೊಳ್ಳಲು ಕೈ ಚಾಚಿದೆ.

“ಸಹಿ ಮಾಡಬ್ಯಾಡ್ರಿ ಅಕ್ಕಾ,” ಎಂದೆ. “ನೀವು ಒಂದೇ ಸಲ ಒತ್ತೀರಿ. ತಪ್ಪು ನಾ ಮಾಡೀನಿ.”